ತಲೆ ಕಡಿಯದ ಗಿಡ

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಿನವರು
ಮೊದಲು ಹೋದದ್ದು ಧಣಿಯ ಮನೆಗೆ,
ಆಮೇಲೆ ರೈಟರ ಕೋಣೆಗೆ,
ಕೊನೆಗೆ ನಾಯಿ ಬೊಗಳಿದ ದಿಕ್ಕು ಹಿಡಿದು ನಮ್ಮ ಲೈನ್‌ಮನೆಗೆ.
'ಮನೆ ನಂಬರು?' ಅಂದರು.
'ಕೊನೆಯಿಂದ ಮೂರನೇದು' ಅಂದಳು ಅಮ್ಮ.
ಹಾಗೇ ಬರೆದುಕೊಂಡರು.

ಕುಲನಾಮದ ಕಲಂ ಖಾಲಿ ಬಿಡುವಂತಿಲ್ಲವಂತೆ.
ಅಪ್ಪನ ಹೆಸರು ಅಲ್ಲಿ ಕೂತಿತು: ಬೊಳಕ.
ಬಾಳೆಲೆಯಾಚೆಗೆ ಬಸ್ಸು ಹತ್ತದ ಮನುಷ್ಯ
ಈಗ ನನ್ನ ಬೆನ್ನಿಗೇ ಆಡಿಸ್ ಅಬಾಬಾಕ್ಕೆ ಬರುತ್ತಾನೆ,
ದೊಡ್ಡಕ್ಷರದಲ್ಲಿ,
ಸತ್ತ ಎಂಟು ವರ್ಷಕ್ಕೆ.

ಪೊನ್ನಂಪೇಟೆಯ ಕಾಲೇಜಿನಿಂದ ಐದು ಜನ,
ಆರು ವಾರ,
ಕಾಫಿ ತಾನೇ ಹುಟ್ಟಿ ತಾನೇ ಬೀಳುವ ಕಾಡು ನೋಡಲು.
ಅಲ್ಲಿ ಅದನ್ನು ಯಾರೂ ನೆಟ್ಟಿಲ್ಲ ಅಂತ ಮೇಷ್ಟ್ರು ಹೇಳಿದಾಗ
ತೋಟದ ಮಕ್ಕಳು ಇಳುವರಿ ಕೇಳಿದರು.
ನಾನು ಕೇಳಿದ್ದು ಎತ್ತರ.
'ಬಿಟ್ಟರೆ ಮೂವತ್ತಡಿ ಹೋಗುತ್ತೆ' ಅಂದರು.

ಮೂವತ್ತಡಿ!
ನಮ್ಮಲ್ಲಿ ಐದಡಿಗೇ ಅದರ ತಲೆ ಕಡಿಯುತ್ತಾರೆ,
ಕೈಗೆ ಎಟುಕಲಿ ಅಂತ.
ಅಮ್ಮನ ಕೈಗೆ.
ಇಪ್ಪತ್ತೆಂಟು ವರ್ಷ ಅವಳ ಎತ್ತರಕ್ಕೆ ಸರಿಯಾಗಿ
ಒಂದು ಬೆಟ್ಟವನ್ನೇ ಕತ್ತರಿಸಿಟ್ಟಿದ್ದಾರೆ.
ಸೊಂಟಕ್ಕೆ ಚೀಲ ಕಟ್ಟಿ ನಡೆವ ಅವಳು
ಕಾಫಿಗೆ ಗಿಡ ಅನ್ನುತ್ತಾಳೆ.
ಅದು ಮರ ಕಣೇ ಅಂದರೆ ನಗುತ್ತಾಳೆ,
ನನ್ನ ತಲೆಯಲ್ಲಿ ಹೇನು ಹುಡುಕುವ ಕೈ ನಿಲ್ಲಿಸದೆ.

ಬೆಂಗಳೂರಲ್ಲಿ ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡೆ.
ತೋಳು ಊದಿತು.
ಅವರು ಕೊಟ್ಟ ಹಳದಿ ಕಾರ್ಡು
ರೇಷನ್ ಕಾರ್ಡಿನ ಜೊತೆ ಅಕ್ಕಿ ಡಬ್ಬದಲ್ಲಿದೆ.
ಗೋಣಿಕೊಪ್ಪದ ಸಂತೆಯಲ್ಲಿ ಕೊಂಡ ಸ್ವೆಟರು
ಗಂಡಸರದು, ಗುಂಡಿ ಬಲಕ್ಕೆ.
ಇಪ್ಪತ್ತಮೂರು ಕಿಲೋ ಒಯ್ಯಬಹುದಂತೆ.
ಇರುವುದೆಲ್ಲ ತುಂಬಿದರೂ ನನ್ನದು ಒಂಬತ್ತು.
ರೈಟರ ತಕ್ಕಡಿಯಲ್ಲೇ ತೂಗಿದೆವು.
ಮೊದಲ ಸಲ ಅದು ನಮಗೆ ಕಡಿಮೆ ತೋರಿಸಲಿಲ್ಲ,
ಅಥವಾ ತೋರಿಸಿತೋ, ಯಾರು ಕಂಡರು.

ಸೂಟ್‌ಕೇಸು ಪೂವವ್ವನದು. ಅವಳೂ ಬರುತ್ತಾಳೆ.
ಅವಳ ಅಜ್ಜ ನೆಡಿಸಿದ್ದನ್ನು
ನನ್ನ ಅಜ್ಜಿ ಕೊಯ್ದಳು.
ಅಲ್ಲಿ ನಾವಿಬ್ಬರೂ
ಒಂದೇ ಟೇಪಿನ ಎರಡು ತುದಿ ಹಿಡಿದು
ಮರದ ಸುತ್ತ ನಡೆಯಬೇಕು.
ಯಾರು ಸೊನ್ನೆ ಹಿಡಿಯುವುದು ಅಂತ ಇನ್ನೂ ಮಾತಾಗಿಲ್ಲ.

ಏನೇನು ಅಂದುಕೊಂಡಿದ್ದೇನೆ ಕೇಳಿದರೆ ನಾಚಿಕೆ.
ವಿಮಾನದ ಕಿಟಕಿಯಿಂದ ನಾಗರಹೊಳೆ ಕಂಡೀತು ಅಂತ.
ಕಾಣುವುದಿಲ್ಲ, ಹೊರಡುವುದೇ ಅಪರಾತ್ರಿಗೆ.
ಅಲ್ಲಿಯೂ ಒಂದು ಮಳೆಗೆ
ಹೂಮಳೆ ಅಂತ ಹೆಸರಿದ್ದೀತು ಅಂತ.
ಹಣ್ಣು ಆಯುವ ಹೆಂಗಸೊಬ್ಬಳು
ನನ್ನ ಬೆರಳು ನೋಡಿದೊಡನೆ
ಇವಳು ಎಂಥವರ ಮಗಳು ಅಂತ ತಿಳಿದಾಳು,
ಭಾಷೆ ಬಾರದೆ ಇಬ್ಬರೂ ನಕ್ಕೇವು ಅಂತ.
ಕೊಯ್ದದ್ದನ್ನು ತೂಗುವವನು ಅಲ್ಲಿರಲಾರ ಅಂತ.
ಇರುತ್ತಾನೆ, ಗೊತ್ತು.
ಅಂದುಕೊಳ್ಳಲಿಕ್ಕೆ ಏನಂತೆ.

ಮತ್ತೆ, ಯಾರಿಗೂ ಹೇಳಿಲ್ಲ ಇದನ್ನು:
ಎಲ್ಲರೂ ಎಲೆ ಎಣಿಸುತ್ತಿರುವಾಗ
ಒಂದು ಕಾಫಿ ಮರ ಹತ್ತಬೇಕು.
ಸುಮ್ಮನೆ, ಕೈಯಲ್ಲಿ ಕುಕ್ಕೆಯಿಲ್ಲದೆ.
ಅದರ ನೆತ್ತಿ ಹೇಗಿರುತ್ತೆ
ನಮ್ಮ ಪೈಕಿ ಯಾರೂ ಕಂಡವರಿಲ್ಲ.

ನಿನ್ನೆ ರಾತ್ರಿ ಒಲೆಗೆ ಸೌದೆ ದೂಡುತ್ತ ಅಮ್ಮ ಕೇಳಿದಳು,
'ಆ ಕಾಡು ಯಾರದ್ದು?'
ಯಾರದ್ದೂ ಅಲ್ಲವಂತೆ ಅಂದೆ.
ಬಹಳ ಹೊತ್ತು ಬೆಂಕಿ ನೋಡಿದಳು.
'ಹಾಗಾದರೆ ಉದುರಿದ ಹಣ್ಣು ಯಾರು ಹೆಕ್ಕುತ್ತಾರೆ?'

ಗೊತ್ತಿಲ್ಲ.
ಮೇಷ್ಟ್ರು ಕೊಟ್ಟ ಹದಿನಾಲ್ಕು ಪ್ರಶ್ನೆಗಳಿಗಿಂತ ಮೇಲೆ,
ಅಂಚಿನಲ್ಲಿ ಜಾಗ ಮಾಡಿ
ಬರೆದುಕೊಂಡಿದ್ದೇನೆ.

ಬಸ್ಸು ಬೆಳಿಗ್ಗೆ ಆರಕ್ಕೆ,
ತಿತಿಮತಿ ದಾರಿಯಲ್ಲಿ ಆನೆ ನಿಂತಿರದಿದ್ದರೆ.